ಎಣ್ಣೆ ಕುಡಿದ ಸೇತುವೆ

ಐಸ್‌ಕ್ರೀಮ್ ಕಡ್ಡಿಯಲ್ಲಿ ಸೇತುವೆ ಕಟ್ಟಿಸುವುದು ನನ್ನ ಲೆಕ್ಕದಲ್ಲಿ ಬೇಡದ ಉಸಾಬರಿ. ಮೇಜಿಗೆ ಗಮ್, ನೆಲಕ್ಕೆ ಗಮ್, ಹೆಣ್ಣುಮಕ್ಕಳ ಜಡೆಗೂ ಗಮ್. ಅದನ್ನೆಲ್ಲ ಕೆರೆದು ತೆಗೆಯುವ ಹೊತ್ತಿಗೆ ಆಯಾ ನನಗೆ ಬೈಯುತ್ತಾಳೆ, ನಾನು ಮಕ್ಕಳಿಗೆ ಬೈಯುತ್ತೇನೆ, ಮಕ್ಕಳು ಯಾರಿಗೆ ಬೈಯುತ್ತಾರೋ ಗೊತ್ತಿಲ್ಲ. ಆದರೆ ಬ್ರಹ್ಮಾವರದ ಕಡೆಯ ಒಂದು ಕಾಲೇಜಿನವರು ಹೈಸ್ಕೂಲು ಮಕ್ಕಳಿಗೆ ಕಡ್ಡಿ ಸೇತುವೆಯ ಸ್ಪರ್ಧೆ ಇಟ್ಟರು. ನಮ್ಮ ಹೆಡ್‌ಮಾಸ್ಟರು ನನ್ನನ್ನು ಒಂದು ಮಾತೂ ಕೇಳದೆ ಶಾಲೆಯ ಹೆಸರು ಕೊಟ್ಟು ಬಂದರು. ಅವರಿಗೂ ನನಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ವಿಜ್ಞಾನದ ಟೀಚರ್ ನಾನೊಬ್ಬಳೇ, ಹಾಗಾಗಿ ಆ ಹೊರೆ ನನ್ನ ತಲೆಗೇ ಬಂತು.

ನಮ್ಮ ಶಾಲೆ ಇರುವುದು ಕೋಟದಿಂದ ಪಡುವಣಕ್ಕೆ, ಕಡಲಿನ ಬದಿಗೆ. ಅರ್ಧ ಮಕ್ಕಳು ಗದ್ದೆ ಮನೆಯವರು, ಇನ್ನರ್ಧ ಮೀನುಗಾರರ ಮನೆಯವರು. ಸ್ಪರ್ಧೆಗೆ ಇಬ್ಬರು ಬೇಕಿತ್ತು. ಯಾರು ಸೇರುತ್ತೀರಿ ಎಂದು ಹತ್ತನೆಯ ಕ್ಲಾಸಿನಲ್ಲಿ ಕೇಳಿದಾಗ ಪ್ರೇಕ್ಷಾ ಕೈ ಎತ್ತಿದಳು. ಪಕ್ಕದಲ್ಲಿ ಕೂತಿದ್ದ ನವ್ಯಶ್ರೀಯ ಕೈಯನ್ನೂ ತಾನೇ ಹಿಡಿದು ಎತ್ತಿದಳು. ನವ್ಯಶ್ರೀ ಗದ್ದೆ ಮನೆಯ ಮೆದು ಹುಡುಗಿ, ಯಾರು ಏನು ಹೇಳಿದರೂ ಹೂಂ ಎನ್ನುವವಳು. ಪ್ರೇಕ್ಷಾ ಹಾಗಲ್ಲ. ಹೆದ್ದಾರಿಯಲ್ಲಿ ಮೇಲ್ಸೇತುವೆಯ ಕೆಲಸ ಆಗುತ್ತಿದ್ದಾಗ ಬಸ್ಸು ಇಳಿದು ಕ್ರೇನಿನ ಬುಡದಲ್ಲಿ ನಿಂತು ನೋಡಿ, ಶಾಲೆಗೆ ತಡವಾಗಿ ಬಂದು ನನ್ನಿಂದ ಬೈಸಿಕೊಂಡವಳು. ಹತ್ತನೆಯದು ಮುಗಿದ ಮೇಲೆ ಉಡುಪಿಗೆ ಹೋಗಿ ಸಿವಿಲ್ ಡಿಪ್ಲೊಮಾ ಓದಬೇಕು ಎಂಬುದು ಅವಳ ಹಟ.

ಹಟಕ್ಕೆ ಅಡ್ಡ ನಿಂತದ್ದು ಅವಳ ಅಪ್ಪ ದೇವು. ಅವನಿಗೆ ಸ್ವಂತದ್ದೊಂದು ಮರದ ನಾಡದೋಣಿ ಇದೆ, ಅದರಲ್ಲೇ ಜೀವನ. ಪೋಷಕರ ಸಭೆಗೆ ಬಂದಾಗ ಅವನೊಡನೆ ಮಾತಾಡಿದೆ. ಕೋಟದಲ್ಲೇ ಕಾಲೇಜು ಇರುವಾಗ ಉಡುಪಿ ಯಾಕೆ, ಹೆಣ್ಣು ಹುಡುಗಿಗೆ ಸಿಮೆಂಟು ಜಲ್ಲಿಯ ಸಹವಾಸ ಯಾಕೆ, ಕೆಲಸ ಅಂತ ಊರೂರು ಸುತ್ತುತ್ತಾ ಬಿಸಿಲಲ್ಲಿ ನಿಲ್ಲುವುದು ಯಾಕೆ ಎಂದು ಅವನು ಒಂದರ ಹಿಂದೊಂದು ಹೇಳಿದ. ನೀನು ಹೊತ್ತು ಹುಟ್ಟಿದಲ್ಲಿಂದ ಮುಳುಗುವವರೆಗೆ ನಿಲ್ಲುವುದು ನೆರಳಿನಲ್ಲೋ ಎಂದು ನಾನು ಕೇಳಿದೆ. ಅವನು ನಕ್ಕ, ಆದರೆ ಒಪ್ಪಲಿಲ್ಲ. ಪ್ರೇಕ್ಷಾ ಅಲ್ಲೇ ಕಂಬಕ್ಕೆ ಒರಗಿ ಕೇಳುತ್ತಿದ್ದಳು. ಕಡ್ಡಿ ಸೇತುವೆಯ ಸ್ಪರ್ಧೆ ಇದೆ, ಅದರಲ್ಲಿ ಗೆದ್ದು ತೋರಿಸುತ್ತೇನೆ, ಆಗಲಾದರೂ ಕಳಿಸುತ್ತೀರೋ ಎಂದು ಕೇಳಿಯೇ ಬಿಟ್ಟಳು. ದೇವು ಅವಳನ್ನೂ ನನ್ನನ್ನೂ ನೋಡಿದ.

"ಫಸ್ಟ್ ಬಂದ್ರೆ ಕಳ್ಸ್ತೆ. ಇಲ್ದಿರೆ ಇಲ್ಲಿದ್ದೇ ಕಾಲೇಜ್. ಮತ್ತೆ ಮಾತಿಲ್ಲೆ."

ಇಪ್ಪತ್ತು ಮೂವತ್ತು ಶಾಲೆ ಸೇರುವ ಕಡೆ ನಮ್ಮ ಶಾಲೆ ಮೊದಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಆಡಿದ ಮಾತು ಅದು. ನನಗೂ ಹಾಗೇ ಅನಿಸಿತ್ತು. ಪ್ರೇಕ್ಷಾಳಿಗೆ ಮಾತ್ರ ಅನಿಸಲಿಲ್ಲ.

ನಿಯಮ ಸರಳ. ಕಡ್ಡಿ ಮತ್ತು ಬಿಳಿ ಗಮ್ ಬಿಟ್ಟು ಬೇರೆ ಏನೂ ಇರಬಾರದು. ಇಬ್ಬರು ಮಕ್ಕಳ ಕೈ ಬಿಟ್ಟು ಬೇರೆಯವರ ಕೈ ತಾಗಬಾರದು. ಸೇತುವೆಯನ್ನು ಎರಡು ಮೇಜಿನ ನಡುವೆ ಇಟ್ಟು, ನಡುವಿಗೆ ಕೊಕ್ಕೆ ಸಿಕ್ಕಿಸಿ, ಮುರಿಯುವವರೆಗೆ ತೂಕ ತೂಗುಹಾಕುತ್ತಾರೆ. ಹೊತ್ತ ತೂಕಕ್ಕೆ ತಕ್ಕ ಅಂಕ, ಹೆಚ್ಚು ಅಂಕ ಬಂದದ್ದು ಗೆಲ್ಲುತ್ತದೆ.

ಮೊದಲು ಕಟ್ಟಿದ್ದು ನೋಡಲು ಭಾರೀ ಚಂದ ಇತ್ತು, ಅರ್ಧ ಬಕೆಟ್ ನೀರಿಗೇ ಮಂಡಿಯೂರಿತು. ಚೌಕ ಚೌಕವಾಗಿ ಕಟ್ಟಿದರೆ ಹಾಗೇ ಆಗುವುದು, ತ್ರಿಕೋನ ಮಾಡಿ ಎಂದು ನಾನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ನನ್ನಿಂದ ಆದದ್ದು ಅಷ್ಟೆ. ಉಳಿದದ್ದನ್ನು ಅವರೇ ಮುರಿದು ಮುರಿದು ಕಲಿತರು. ಪ್ರೇಕ್ಷಾ ಮನೆಗೂ ಕಡ್ಡಿ ಒಯ್ದು, ದಿನಾ ರಾತ್ರಿ ಜಗಲಿಯಲ್ಲಿ ಕೂತು ಕಟ್ಟಿ ನೋಡುತ್ತಿದ್ದಳು. ನವ್ಯಶ್ರೀ ಒಂದೊಂದೇ ಕಡ್ಡಿಯನ್ನು ಸಿಮೆಂಟು ನೆಲಕ್ಕೆ ಬೀಳಿಸಿ ಸದ್ದು ಕೇಳುತ್ತಿದ್ದಳು. ಟಣ್ ಎಂದದ್ದು ಒಂದು ಕಡೆ, ಡಬ್ ಎಂದದ್ದು ಇನ್ನೊಂದು ಕಡೆ. ಮನೆಯಲ್ಲಿ ತೆಂಗಿನಕಾಯಿ ಬಡಿದು ನೋಡಿ ಬಂದ ಅಭ್ಯಾಸ. ಪ್ರೇಕ್ಷಾ ಸೊಟ್ಟ ಕಡ್ಡಿಗಳನ್ನೆಲ್ಲ ಹೆಕ್ಕಿ ಬಿಸಾಡುತ್ತಿದ್ದಳು. ಎರಡನೆಯ ಸೇತುವೆ ಮೂರು ಬಕೆಟ್ ಹೊತ್ತಿತು. ಆ ದಿನ ಇಬ್ಬರೂ ಲ್ಯಾಬಿನಲ್ಲಿ ಕುಣಿದರು. ನಾನು ಹೊರಗೆ ಗದರಿದೆ, ಒಳಗೊಳಗೇ ಖುಷಿಪಟ್ಟೆ.

ಮೂರನೆಯದು ಸ್ಪರ್ಧೆಗೆ ಒಯ್ಯುವಂಥದ್ದು. ಮೊದಲು ಎರಡು ಪಕ್ಕೆ ಕಟ್ಟಿದರು. ಪಕ್ಕೆ ಎಂದರೆ ಸೇತುವೆಯ ಎಡಬಲದ ಗೋಡೆ, ತ್ರಿಕೋನಗಳ ಸಾಲು. ಅವು ಒಣಗಿದ ಮೇಲೆ ಎದುರುಬದುರು ನಿಲ್ಲಿಸಿ, ಅಡ್ಡಕಡ್ಡಿ ಅಂಟಿಸಿ ಜೋಡಿಸಿದರೆ ಸೇತುವೆ. ನಮ್ಮ ಲ್ಯಾಬಿನಲ್ಲಿ ಇಲಿ ಕಾಟ, ಗಮ್ಮಿನ ರುಚಿ ಅವಕ್ಕೆ ಗೊತ್ತಾಗಿಬಿಟ್ಟಿತ್ತು. ಹಾಗಾಗಿ ಪ್ರೇಕ್ಷಾ ಪಕ್ಕೆಗಳನ್ನು ಮನೆಗೆ ಒಯ್ದು ಜಗಲಿಯಲ್ಲಿ ಒಣಗಲು ಇಟ್ಟಳು. ಶನಿವಾರ ಮಧ್ಯಾಹ್ನ ಇಬ್ಬರಿಗೂ ಶಾಲೆಯಲ್ಲಿ ವಿಶೇಷ ತರಗತಿ ಇತ್ತು. ಭಾನುವಾರ ಅವಳ ಮನೆಯಂಗಳದಲ್ಲಿ ಕೂತು ಅಡ್ಡಕಡ್ಡಿ ಅಂಟಿಸಿ ಮುಗಿಸಿದರು. ಸೋಮವಾರ ಸ್ಪರ್ಧೆ.

ಸೋಮವಾರ ಬೆಳಿಗ್ಗೆ ಕೋಟದ ಬಸ್ ಸ್ಟಾಪಿನಲ್ಲಿ ನಾನು ಮೊದಲು ಕಂಡದ್ದು ದೇವುವನ್ನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಎರಡೂ ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಕಡಲಿಗೆ ಹೋಗುವುದನ್ನು ಬಿಟ್ಟು ಬಂದಿದ್ದ. ನಿನ್ನ ಸವಾರಿ ಎಲ್ಲಿಗೆ ಎಂದು ಕೇಳಿದರೆ, ಮಕ್ಕಳು ಬಸ್ಸಿನ ನೂಕುನುಗ್ಗಲಿನಲ್ಲಿ ಅದನ್ನು ಅಪ್ಪಚ್ಚಿ ಮಾಡಿಯಾರು, ಹಿಡಿದುಕೊಳ್ಳಲು ಒಬ್ಬರು ಬೇಡವೇ ಎಂದ. ಹುಡುಗಿಯರಿಬ್ಬರೂ ಅವನ ಹಿಂದೆ ನಿಂತಿದ್ದರು. ನಾನು ಪೆಟ್ಟಿಗೆಯ ಮುಚ್ಚಳ ತೆಗೆದೆ. ಗಪ್ಪನೆ ಮೀನೆಣ್ಣೆಯ ವಾಸನೆ ಮೂಗಿಗೆ ಬಡಿಯಿತು.

ಪಕ್ಕೆಗಳ ಬಣ್ಣ ಹಳೆಯ ಬೆಲ್ಲದ ಹಾಗೆ ಕಂದಿತ್ತು. ಇದೇನು ಇದು ಎಂದು ಕೇಳಿದೆ. ದೇವು ಅದನ್ನು ಹೊಗಳಿಕೆ ಎಂದುಕೊಂಡ.

"ಹ್ವಾಯ್ ಟೀಚರೇ, ಮರದ್ ಕೆಲ್ಸ ಮಾಡಿ ಹಾಂಗೇ ಕಳ್ಸೂಕಾತ್ತಾ? ಶನಿವಾರ ದೋಣಿಗೆ ಹಚ್ಚುವತಿಗೆ ಇದಕ್ಕೂ ಎರಡ್ ಸಲ ಎಣ್ಣಿ ಕುಡ್ಸಿದೆ. ಇನ್ ಕಾಣಿ, ಮುರುದೇ ಇಲ್ಲೆ."

ಅವರ ಮನೆಗಳಲ್ಲಿ ಮರಕ್ಕೆ ಮೀನೆಣ್ಣೆ ಎಂದರೆ ಮಗುವಿಗೆ ಎಣ್ಣೆ ನೀರು ಇದ್ದ ಹಾಗೆ. ದೋಣಿಯನ್ನು ದಡಕ್ಕೆ ಎಳೆದು, ಕೆರೆದು, ಎಣ್ಣೆ ಹಚ್ಚಿ, ಬಿಸಿಲಿಗೆ ಬಿಟ್ಟು ಮತ್ತೆ ಹಚ್ಚುತ್ತಾರೆ. ಎಣ್ಣೆ ಕುಡಿದ ಮರ ಬಿರಿಯುವುದಿಲ್ಲ, ಹುಳ ಹಿಡಿಯುವುದಿಲ್ಲ, ಉಪ್ಪುನೀರಿಗೆ ಜಗ್ಗುವುದಿಲ್ಲ. ಆದರೆ ದೋಣಿಗೆ ಹಲಗೆ ಹಿಡಿಸುವುದು ಗಮ್ಮಿನಲ್ಲಿ ಅಲ್ಲವಲ್ಲ ಮಾರಾಯ. ನಿನಗೆ ಯಾರು ಇದನ್ನು ಮುಟ್ಟಲು ಹೇಳಿದ್ದು ಎಂದು ಕೇಳಲು ಬಾಯಿ ತೆರೆದವಳು ಪ್ರೇಕ್ಷಾಳ ಮುಖ ಕಂಡು ಸುಮ್ಮನಾದೆ. ಅವಳಿಗೂ ಆಗಷ್ಟೇ ಗೊತ್ತಾದದ್ದು. ಎಣ್ಣೆ ಹಚ್ಚಿದ ದೋಣಿ ಅಂಗಳದಲ್ಲೇ ಕವುಚಿ ಬಿದ್ದಿರುವಾಗ ಆ ಮನೆಯಲ್ಲಿ ಯಾರ ಮೂಗಿಗೆ ಬೇರೆ ವಾಸನೆ ಗೊತ್ತಾಗಬೇಕು? ಬಣ್ಣ ಕಂದಿದ್ದು ಬಿಸಿಲಿಗೆ ಎಂದುಕೊಂಡು ಹುಡುಗಿಯರು ಆ ಎಣ್ಣೆಯ ಮೇಲೆಯೇ ಅಡ್ಡಕಡ್ಡಿ ಅಂಟಿಸಿದ್ದರು.

ಬಸ್ಸಿನಲ್ಲಿ ಪ್ರೇಕ್ಷಾ ನನ್ನ ಪಕ್ಕ ಕೂತಳು. ದೇವು ಮುಂದಿನ ಸೀಟಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನಿಂತವರ ಚೀಲ ತಾಗದ ಹಾಗೆ ಮೊಣಕೈ ಅಡ್ಡ ಕೊಟ್ಟಿದ್ದ. ಸಾಲಿಗ್ರಾಮ ದಾಟಿದ ಮೇಲೆ ಅವಳು ಬಹಳ ಮೆಲ್ಲಗೆ ಹೇಳಿದಳು.

"ಅಪ್ಪಯ್ಯ ಬೇಕಂದೇ ಮಾಡಿದ್ದ್ ಟೀಚರ್. ನಾನ್ ಫಸ್ಟ್ ಬಪ್ಪುಕಾಗ ಅಂದೇಳಿ."

ಇಲ್ಲ ಎನ್ನಬೇಕಿತ್ತು, ಎನ್ನಲಿಲ್ಲ. ಅಪ್ಪಂದಿರ ಹಟವನ್ನು ನಾನು ಇಪ್ಪತ್ತು ವರ್ಷದಿಂದ ನೋಡಿದವಳು. ಹತ್ತನೆಯದರ ಪರೀಕ್ಷೆಯ ವಾರ ಮದುವೆ ಇಟ್ಟವರಿದ್ದಾರೆ, ಅರ್ಜಿ ಹಾಕುವ ಕೊನೆಯ ದಿನ ಕಾಯಿಲೆ ಬಿದ್ದವರಿದ್ದಾರೆ. ದೇವುವಿನ ಬೆನ್ನು ನೋಡುತ್ತಾ ನನಗೂ ಅರೆಮನಸ್ಸಿನಲ್ಲಿ ಅದೇ ಸಂಶಯ ಬಂತು.

ಕಾಲೇಜಿನ ಸಭಾಂಗಣದಲ್ಲಿ ಸೇತುವೆಗಳ ಸಂತೆಯೇ ನೆರೆದಿತ್ತು. ಕೆಲವು ಶಾಲೆಯವರು ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಬಂದಿದ್ದರು. ತೀರ್ಪು ಕೊಡುವವರು ಅಜಿತ್ ಎಂಬ ಹರೆಯದ ಮೇಷ್ಟ್ರು, ಅದೇ ಕಾಲೇಜಿನವರು. ಒಂದೊಂದೇ ಮೇಜಿಗೆ ಬಂದು, ಸೇತುವೆಯನ್ನು ತಿರುಗಿಸಿ ನೋಡಿ, ಸೈ ಎಂದು ಚೀಟಿ ಅಂಟಿಸಿ ಹೋಗುತ್ತಿದ್ದರು. ನಮ್ಮದನ್ನು ಎತ್ತಿದವರು ಕೆಳಗಿಡಲಿಲ್ಲ. ಬೆರಳು ಉಜ್ಜಿ ಮೂಸಿದರು. ಅವರು ಮುಖ ಸಿಂಡರಿಸಲಿಲ್ಲ, ಅದನ್ನು ಹೇಳಲೇಬೇಕು. ಪಕ್ಕದ ಮೇಜಿನ ಮಕ್ಕಳು ಮೂಗು ಮುಚ್ಚಿಕೊಂಡು ಕಿಸಿಕಿಸಿ ನಕ್ಕರು. ನಾನು ಅವರ ಟೀಚರನ್ನು ದುರುಗುಟ್ಟಿ ನೋಡಿದೆ.

ಇದಕ್ಕೆ ಎಣ್ಣೆ ಹಚ್ಚಿದ್ದೀರಿ, ನಿಯಮದಲ್ಲಿ ಇಲ್ಲ ಎಂದರು ಅಜಿತ್. ಗದರಿಸಿ ಹೇಳಲಿಲ್ಲ. ಮಕ್ಕಳೇ ಗೊತ್ತಿಲ್ಲದೆ ಹಚ್ಚಿದ್ದಾದರೆ ಸ್ವಲ್ಪ ಅಂಕ ಕಳೆದು ಸ್ಪರ್ಧೆಗೆ ಬಿಡುತ್ತೇನೆ, ಹೊತ್ತ ತೂಕ ಹೆಚ್ಚಿದ್ದರೆ ಅಂಕ ತುಂಬಿಕೊಳ್ಳಬಹುದು, ಆದರೆ ಹೊರಗಿನವರ ಕೈ ತಾಗಿದ್ದರೆ ಬಿಡಲು ಬರುವುದಿಲ್ಲ, ಬೇರೆ ಶಾಲೆಯವರು ಕೇಳುತ್ತಾರೆ ಎಂದು ಬಿಡಿಸಿ ಹೇಳಿದರು. ಯಾರು ಹಚ್ಚಿದ್ದು ಎಂದು ಕೇಳಿದರು.

ಪ್ರೇಕ್ಷಾ ತಲೆ ಎತ್ತಿ "ನಾನೇ ಸರ್" ಎಂದಳು.

ನವ್ಯಶ್ರೀ ನೆಲ ನೋಡಿದಳು. ಸುಳ್ಳು ಹೇಳಬಾರದು ಎಂದು ವಾರಕ್ಕೊಮ್ಮೆ ಮಕ್ಕಳಿಗೆ ಉಪದೇಶ ಮಾಡುವ ನಾನು ಗೋಡೆಯ ಗಡಿಯಾರ ನೋಡಿದೆ. ಅಷ್ಟು ದಿನ ಕೂತು ಕಟ್ಟಿದ ಹುಡುಗಿ, ಒಂದು ಸುಳ್ಳಿನಿಂದ ಅವಳ ದಾರಿ ತೆರೆಯುವುದಾದರೆ ತೆರೆಯಲಿ ಎನಿಸಿತು. ಅಜಿತ್ ಚೀಟಿ ತೆಗೆದು ಅಂಟಿಸಲು ಹೊರಟರು. ಅಷ್ಟರಲ್ಲಿ ಹಿಂದಿನ ಕುರ್ಚಿಯಿಂದ ದೇವು ಎದ್ದ.

"ಅಲ್ಲ ಸಾರ್. ಎಣ್ಣಿ ಹಚ್ಚಿದ್ದ್ ನಾನ್. ಹೆಣ್ಣ್ ಮನೇಲೇ ಇರ್ಲಿಲ್ಲ. ಅವ್ಳ್ ತಲೆಗೆ ಹಾಕ್ಬೇಡಿ."

ಸಭಾಂಗಣದಲ್ಲಿ ಎಲ್ಲರೂ ತಿರುಗಿ ನೋಡಿದರು. ಅಜಿತ್ ಅವನನ್ನು ನೋಡಿದರು, ನನ್ನನ್ನು ನೋಡಿದರು, ಕೈಯಲ್ಲಿದ್ದ ಚೀಟಿಯನ್ನು ಕಿಸೆಗೆ ಹಾಕಿಕೊಂಡರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕುಡಿಸಬಾರದ ಎಣ್ಣೆ ಕುಡಿಸಿದ್ದೂ ಅವನೇ, ಮುಚ್ಚಿಕೊಂಡು ಇರಬೇಕಾದಲ್ಲಿ ಬಾಯಿ ಬಿಟ್ಟದ್ದೂ ಅವನೇ. ದೇವು ಮಾತ್ರ ಮಗಳನ್ನು ದೊಡ್ಡ ಆಪತ್ತಿನಿಂದ ಪಾರು ಮಾಡಿದವನ ಹಾಗೆ ಅಂಗಿ ಸರಿಮಾಡಿಕೊಂಡು ಕೂತ. ಪ್ರೇಕ್ಷಾ ಅವನ ಕಡೆ ತಿರುಗಲೇ ಇಲ್ಲ.

ಉಳಿದವರ ಸೇತುವೆಗಳು ಒಂದೊಂದಾಗಿ ಮುರಿದವು. ನಾವು ಪ್ರೇಕ್ಷಕರ ಸಾಲಿನಲ್ಲಿ ಕೂತು ನೋಡಿದೆವು. ಬೈಂದೂರು ಕಡೆಯ ಶಾಲೆಯದೊಂದು ಚೆನ್ನಾಗಿ ಹೊತ್ತು, ಮೊದಲ ಬಹುಮಾನ ಅದಕ್ಕೇ ಹೋಯಿತು. ಎಲ್ಲ ಮುಗಿದು ಜನ ಊಟಕ್ಕೆ ಹೋದ ಮೇಲೆ ಅಜಿತ್ ನಮ್ಮ ಹತ್ತಿರ ಬಂದು, ಲೆಕ್ಕಕ್ಕಲ್ಲ, ಕಟ್ಟಿದವರು ನೋಡಿಕೊಂಡು ಹೋಗಲಿ ಎಂದು ನಮ್ಮ ಸೇತುವೆಯನ್ನೂ ಎರಡು ಮೇಜಿನ ನಡುವೆ ಇರಿಸಿದರು. ದೇವು ಎದ್ದು ಹತ್ತಿರ ಬಂದು ನಿಂತ.

ಅಜಿತ್ ತೂಕ ಹಾಕಿದರು. ಇನ್ನೊಂದು ಹಾಕಿದರು. ಮೂರನೆಯದನ್ನು ಸಿಕ್ಕಿಸಿ ಕೈ ಬಿಡುವಷ್ಟರಲ್ಲಿ ಅಡ್ಡಕಡ್ಡಿಗಳು ಜಾರಿದವು. ಚಟ್ ಎಂದು ಸದ್ದೂ ಆಗಲಿಲ್ಲ. ಎರಡು ಪಕ್ಕೆಗಳೂ ಆಚೆಗೊಂದು ಈಚೆಗೊಂದು ಮಲಗಿಕೊಂಡವು, ತೂಕ ನೆಲಕ್ಕೆ ಬಿತ್ತು. ಒಂದು ಕಡ್ಡಿಯೂ ಮುರಿದಿರಲಿಲ್ಲ. ಎಣ್ಣೆ ಇದ್ದಲ್ಲಿ ಗಮ್ ಕಚ್ಚುವುದಿಲ್ಲ, ಮೊದಲೇ ಅಂಟಿಸಿ ಒಣಗಿದ್ದು ನಿಂತಿದೆ, ಆಮೇಲೆ ಅಂಟಿಸಿದ್ದು ಬಿಟ್ಟಿದೆ ಎಂದು ಅಜಿತ್ ದೇವುವಿಗೆ ಮರ್ಯಾದೆಯಿಂದಲೇ ತಿಳಿಸಿದರು. ಈ ಪಕ್ಕೆಗಳ ಕೆಲಸ ಮಾತ್ರ ಬಹಳ ಚೊಕ್ಕ ಎಂದೂ ಹೇಳಿದರು. ದೇವು ಒಂದು ಅಡ್ಡಕಡ್ಡಿ ಎತ್ತಿ ಅದರ ತುದಿಯನ್ನು ಹೆಬ್ಬೆರಳಿನಿಂದ ಒರೆಸಿದ. ಒಣಗಿದ ಗಮ್ ಪೊರೆಯ ಹಾಗೆ ಎದ್ದು ಬಂತು. ಅದನ್ನು ಬಹಳ ಹೊತ್ತು ನೋಡಿದ. ಅವನ ಮುಖ ಚಿಕ್ಕದಾಯಿತು.

ಅಂದರೆ ಅವನು ಬಾಯಿ ಮುಚ್ಚಿಕೊಂಡಿದ್ದರೂ ನಾವು ಗೆಲ್ಲುತ್ತಿರಲಿಲ್ಲ. ಇದು ನನಗೆ ಸಮಾಧಾನ ಕೊಡುವ ಬದಲು ಸಿಟ್ಟನ್ನು ಹೆಚ್ಚಿಸಿತು. ಊಟ ಯಾರಿಗೂ ಸೇರಲಿಲ್ಲ. ನವ್ಯಶ್ರೀಯನ್ನು ಕರೆದೊಯ್ಯಲು ಅವಳ ಮಾವ ಬೈಕಿನಲ್ಲಿ ಬಂದರು. ನಾವು ಮೂವರು ಬ್ರಹ್ಮಾವರದ ಬಸ್ ಸ್ಟಾಪಿಗೆ ಬಂದೆವು. ಅಲ್ಲಿ ನಾನು ತಡೆಯಲಾರದೆ ದೇವುವಿಗೆ ಅಂದೇಬಿಟ್ಟೆ. ಶರತ್ತು ಹಾಕಿದವನೂ ನೀನೇ, ಕೆಡಿಸಿದವನೂ ನೀನೇ, ಈಗ ನಿನ್ನ ಮನಸ್ಸಿನಲ್ಲಿದ್ದದ್ದು ಆಯಿತಲ್ಲ, ಇನ್ನು ಹುಡುಗಿಯನ್ನು ಮನೆಯಲ್ಲೇ ಕಟ್ಟಿಹಾಕಿಕೋ ಎಂದೆ. ಟೀಚರ್ ಆದವಳು ಆಡುವ ಮಾತಲ್ಲ, ಆಡಿದೆ. ದೇವು ಪೆಟ್ಟಿಗೆಯನ್ನು ಕಾಲ ಬುಡದಲ್ಲಿ ಇಟ್ಟು, ರಸ್ತೆಯ ಕಡೆ ಮುಖ ಮಾಡಿ ನಿಂತ. ಹೆದ್ದಾರಿಯಲ್ಲಿ ಮೀನಿನ ಲಾರಿಗಳು ನೀರು ಸುರಿಸಿಕೊಂಡು ಹೋಗುತ್ತಿದ್ದವು.

ಬೆಳಿಗ್ಗೆಯಿಂದ ಅಪ್ಪನೊಡನೆ ಮಾತಾಡದಿದ್ದ ಪ್ರೇಕ್ಷಾ ಅವನ ಎದುರಿಗೆ ಬಂದು ನಿಂತಳು.

"ನಾನೇ ಅಂದೇಳಿ ಹೇಳಿ ಆಯಿತ್ತಲ್ದಾ? ಮತ್ತೆ ಎಂತಕೆ ಬಾಯಿ ಬಿಟ್ಟದ್ದ್ ಅಪ್ಪಯ್ಯಾ?"

ಇಷ್ಟು ದೊಡ್ಡ ಸಂಗತಿಯೂ ಇವಳಿಗೆ ಗೊತ್ತಾಗುವುದಿಲ್ಲವೇ ಎಂಬಂತೆ ದೇವು ಅವಳನ್ನು ನೋಡಿದ.

"ನಾಳೆ ನೀನ್ ದೊಡ್ ಸೇತು ಕಟ್ಟುಕೆ ಹೋಪವ್ಳ್. ಅದ್ರ್ ಮೇಲೆ ಬಸ್ ಹೋತ್ತ್, ಜನ ಹೋತ್ರ್. ಶುರುವಿಗೇ ಸುಳ್ಳ್ ಹೇಳುದಾ?"

ಪ್ರೇಕ್ಷಾ ಅವನ ಮುಖವನ್ನೇ ನೋಡುತ್ತಾ ನಿಂತಳು. ತಾನು ಕೇಳಿದ್ದು ಸರಿಯೋ ಎಂದು ಅವಳಿಗೆ ನಂಬಿಕೆ ಬರಲಿಲ್ಲ. ನನಗೂ ಬರಲಿಲ್ಲ. ನಾನು ಫಸ್ಟ್ ಬರಲಿಲ್ಲವಲ್ಲ, ಶರತ್ತು ಹಾಕಿದ್ದೀರಲ್ಲ ಎಂದು ಅವಳು ತಡವರಿಸುತ್ತಾ ಕೇಳಿದಳು. ಶರತ್ತು ಹಾಕಿದ್ದು ಹೌದು, ದಿನಾ ನೀನು ಜಗಲಿಯಲ್ಲಿ ಕೂತು ಕಟ್ಟುವುದನ್ನು ಕಂಡು ಕಂಡು ಅದು ಎಂದೋ ಮರೆತುಹೋಯಿತು ಎಂದ ದೇವು. ಟೀಚರಿಗಾದರೂ ಗೊತ್ತಿರಬಹುದು ಎಂದುಕೊಂಡಿದ್ದನಂತೆ. ನನಗೆ ತಲೆ ಎತ್ತಲು ಆಗಲಿಲ್ಲ.

ಕುಂದಾಪುರದ ಬಸ್ಸು ದೂರದಲ್ಲಿ ಹಾರ್ನ್ ಹಾಕಿತು. ದೇವು ಬಗ್ಗಿ ಪೆಟ್ಟಿಗೆ ಎತ್ತಿಕೊಂಡ. ಮಗಳು ಇನ್ನೂ ಕದಲದೆ ನಿಂತದ್ದು ಕಂಡು ಅವನಿಗೇ ಸ್ವಲ್ಪ ಸಿಟ್ಟು ಬಂತು.

"ಕಳ್ಸೂಕೆ ಮನ್ಸಿಲ್ದಿರೆ ಎಣ್ಣಿ ಹಚ್ಚುದ್ ಎಂತಕೆ ಹೆಣ್ಣೇ? ಮೂಲೆಗೆ ಹಾಕುವ ದೋಣಿಗೆ ಯಾರಾರೂ ಎಣ್ಣಿ ಹಚ್ತ್ರಾ? ಕಡ್ಲಿಗೆ ಹೋಪುದಕ್ಕೇ ಹಚ್ಚುದ್."

ಪ್ರೇಕ್ಷಾ ಆ ದಿನ ಮೊದಲ ಸಲ ಅತ್ತಳು, ಬಸ್ ಸ್ಟಾಪಿನಲ್ಲಿ, ಎಲ್ಲರೆದುರು, ಬಿಕ್ಕಿ ಬಿಕ್ಕಿ. ದೇವುವಿಗೆ ಏನು ಮಾಡುವುದೆಂದು ತೋಚದೆ, ಬಸ್ಸು ನಿಲ್ಲಿಸಲು ಕೈ ಅಡ್ಡ ಹಿಡಿದ.